ನೇರ ಅಂದರೆ ಎಷ್ಟು ನೇರ?

ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಸಂಜೆ ಐದೂವರೆ ಅಂದರೆ ಗಾಳಿಪಟದ ಹೊತ್ತು. ಲೈನ್ ಮನೆಗಳ ಸಾಲು, ಅದರಾಚೆ ನಿಂತುಹೋದ ಗಣಿಯ ಕಬ್ಬಿಣದ ಹೆಡ್‌ಗೇರು, ಇನ್ನೂ ಆಚೆ ಚಿನ್ನ ತೆಗೆದು ಬಿಸಾಡಿದ ಮಣ್ಣಿನ ಬೂದು ಬಣ್ಣದ ಸೈನೈಡ್ ದಿಬ್ಬ. ಇದೆಲ್ಲದರ ಮೇಲೆ, ತುಂಬಾ ಎತ್ತರದಲ್ಲಿ, ಸುಣ್ಣದ ಗೆರೆ ಎಳೆದ ಹಾಗೆ ಒಂದು ವಿಮಾನ ಪೂರ್ವಕ್ಕೆ ಹೊರಟಿತ್ತು. ಪಟದ ದಾರ ಹಿಡಿದಿದ್ದ ಏಳನೇ ಕ್ಲಾಸಿನ ಹುಡುಗಿ ಕೇಳಿದಳು.

"ಸಾರ್, ಅದು ಎಲ್ಲಿಂದ ಎಲ್ಲಿಗೆ ಹೋಗ್ತಿದೆ?"

"ನೋಡಿ ಹೇಳೋಕಾಗಲ್ಲ ಕಣಮ್ಮಾ. ಮಂಗಳೂರಿಂದ ಚೆನ್ನೈಗೆ ಹೊರಟಿದ್ದರೂ ಇರಬಹುದು."

"ಮಂಗಳೂರು ಆ ಸಮುದ್ರ, ಚೆನ್ನೈ ಈ ಸಮುದ್ರ. ನಡುವೆ ನಮ್ಮೂರು ಯಾಕೆ ಬರತ್ತೆ?"

"ಅಟ್ಲಾಸ್ ತಗೊಂಡು ಬಾ," ಅಂದೆ.

ಮಕ್ಕಳೇ, ನೀವೂ ಅಟ್ಲಾಸ್ ತೆಗೆಯಿರಿ. ಅರಬ್ಬಿ ಸಮುದ್ರದ ದಡದ ಮಂಗಳೂರಿನ ಮೇಲೊಂದು ಚುಕ್ಕಿ, ಬಂಗಾಳ ಕೊಲ್ಲಿಯ ದಡದ ಚೆನ್ನೈ ಮೇಲೊಂದು ಚುಕ್ಕಿ ಇಡಿ. ಎರಡಕ್ಕೂ ಅಡಿಪಟ್ಟಿ ತಾಗಿಸಿ ಗೆರೆ ಎಳೆಯಿರಿ. ಗೆರೆ ಬೆಂಗಳೂರನ್ನು ಮುಟ್ಟಿಕೊಂಡು, ಬಂಗಾರಪೇಟೆಯ ಪಕ್ಕದಲ್ಲೇ ನುಸುಳಿ, ಕೆಜಿಎಫ್ ದಾಟಿ ಚೆನ್ನೈಗೆ ಹೋಗುತ್ತದೆ. ಈ ಊರುಗಳೆಲ್ಲ ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದ ಮೇಲೆ, ಒಂದೇ ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ ಕೂತಿವೆ. ಹುಡುಗಿ ಗೆರೆಯನ್ನು ಬೆರಳಿನಿಂದ ಸವರಿ, "ಅಯ್ಯೋ, ನಮ್ಮೂರಿನ ಮೇಲೇ!" ಅಂದಳು.

ಒಂದೇ ಪ್ರಶ್ನೆ, ಮೂರು ಉತ್ತರ

ಮಂಗಳೂರಿನಿಂದ ಚೆನ್ನೈಗೆ ಎಷ್ಟು ದೂರ? ರೈಲಿನವರನ್ನು ಕೇಳಿದರೆ ಸುಮಾರು 890 ಕಿಲೋಮೀಟರ್ ಅನ್ನುತ್ತಾರೆ. ಆ ರೈಲು ಕೇರಳದ ಕರಾವಳಿ ಹಿಡಿದು ಕೆಳಗಿಳಿದು, ಪಾಲಕ್ಕಾಡಿನ ಹತ್ತಿರ ಪಶ್ಚಿಮ ಘಟ್ಟದಲ್ಲಿರುವ ದೊಡ್ಡ ಸಂದಿಯಲ್ಲಿ ಒಳಬಂದು, ಸೇಲಂ ಮೇಲೆ ಹೋಗುತ್ತದೆ. ಬಸ್ಸಿನವರನ್ನು ಕೇಳಿದರೆ ಬೆಂಗಳೂರಿನ ಮೇಲೆ ಸುಮಾರು 700 ಅನ್ನುತ್ತಾರೆ. ಹಕ್ಕಿಯನ್ನು ಕೇಳುವ ಹಾಗಿದ್ದರೆ?

ಹಕ್ಕಿಯ ಲೆಕ್ಕ ನಾವೇ ಮಾಡಬಹುದು. ಭೂಮಿಯ ನಡುಪಟ್ಟಿಯಾದ ಸಮಭಾಜಕದ ಮೇಲೆ ಒಂದು ಡಿಗ್ರಿ ರೇಖಾಂಶ ಅಂದರೆ ಸುಮಾರು 111 ಕಿಲೋಮೀಟರ್. ಉತ್ತರಕ್ಕೆ ಬಂದ ಹಾಗೆ ಭೂಮಿಯ ಸುತ್ತಳತೆ ಸಣ್ಣದಾಗುತ್ತದೆ. ಗುಂಡು ಕಲ್ಲಂಗಡಿಯ ಹೊಟ್ಟೆಗೆ ದಾರ ಸುತ್ತಿ ನೋಡಿ, ಆಮೇಲೆ ತೊಟ್ಟಿನ ಹತ್ತಿರ ಸುತ್ತಿ ನೋಡಿ. ಅಲ್ಲಿ ದಾರ ಕಡಿಮೆ ಸಾಕು. ನಮ್ಮ 13 ಡಿಗ್ರಿಯಲ್ಲಿ ಒಂದು ಡಿಗ್ರಿಗೆ ಸುಮಾರು 108.5 ಕಿಲೋಮೀಟರ್. ಮಂಗಳೂರಿಗೂ ಚೆನ್ನೈಗೂ ನಡುವೆ 5.4 ಡಿಗ್ರಿ ಇದೆ. ಗುಣಿಸಿ: ಸುಮಾರು 586 ಕಿಲೋಮೀಟರ್. ಅದರಲ್ಲಿ ಮಂಗಳೂರಿನಿಂದ ಕೆಜಿಎಫ್‌ಗೆ 369, ಇಲ್ಲಿಂದ ಚೆನ್ನೈಗೆ 217.

"ಹಾಗಾದರೆ ವಿಮಾನಕ್ಕೆ ಎಷ್ಟು ಹೊತ್ತು ಬೇಕು?"

ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ಅಳೆದರೆ ದೂರ ಇನ್ನೂ ಸ್ವಲ್ಪ ಕಡಿಮೆ, ಸುಮಾರು 573 ಕಿಲೋಮೀಟರ್. ಜೆಟ್ ವಿಮಾನ ಗಂಟೆಗೆ 800 ಕಿಲೋಮೀಟರ್ ಹೋದರೆ 43 ನಿಮಿಷ. ಈ 43 ಅನ್ನುವ ಸಂಖ್ಯೆಯನ್ನು ಪುಸ್ತಕದ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ, ಆಮೇಲೆ ಒಂದು ತಮಾಷೆ ಇದೆ.

ಆದರೆ ಟಿಕೆಟ್ಟಿನಲ್ಲಿ ಒಂದು ಗಂಟೆಗೂ ಮೀರಿದ ಹೊತ್ತು ಹಾಕಿರುತ್ತಾರೆ. ಯಾಕೆ? ವಿಮಾನವೂ ಮೊದಲು ಗೇಟಿನಿಂದ ರನ್‌ವೇಗೆ ನಿಧಾನವಾಗಿ ಉರುಳಬೇಕು. ಮಂಗಳೂರಿನ ರನ್‌ವೇ ಗುಡ್ಡದ ತಲೆ ಸಮ ಮಾಡಿ ಕಟ್ಟಿದ್ದು, ಮೇಜಿನ ಹಲಗೆಯ ಹಾಗೆ. ಅಲ್ಲಿಂದ ಎದ್ದ ಮೇಲೆ ಹತ್ತು ಕಿಲೋಮೀಟರ್ ಎತ್ತರಕ್ಕೆ ಏರಲು ಹೊತ್ತು ಹಿಡಿಯುತ್ತದೆ. ಏರುವಾಗ ಪೂರ್ತಿ ವೇಗ ಇರುವುದಿಲ್ಲ. ಇಳಿಯುವಾಗಲೂ ಇರುವುದಿಲ್ಲ. ಜೊತೆಗೆ ಆಕಾಶದಲ್ಲೂ ಗೊತ್ತುಮಾಡಿದ ದಾರಿಗಳಿವೆ, ತಿರುವುಗಳಿವೆ, ಎದುರು ಬರುವ ವಿಮಾನಕ್ಕೆ ಬೇರೆ ಎತ್ತರವಿದೆ. ರೆಕ್ಕೆಯ ಮೇಲೆ ಫ್ಯಾನಿನಂಥ ಪ್ರೊಪೆಲ್ಲರ್ ತಿರುಗುವ ಸಣ್ಣ ವಿಮಾನವಾದರೆ ಗಂಟೆಗೆ ಸುಮಾರು 500 ಕಿಲೋಮೀಟರ್ ಮಾತ್ರ. ಅದಕ್ಕೆ ಬರೀ ಹಾರಲೇ 69 ನಿಮಿಷ ಬೇಕು.

ಇಳಿಯುವ ಲೆಕ್ಕದಲ್ಲಿ ನಮ್ಮೂರಿಗೂ ಒಂದು ಪಾತ್ರ ಇದೆ. ಒಂದು ಕಿಲೋಮೀಟರ್ ಕೆಳಗಿಳಿಯಲು ದೊಡ್ಡ ವಿಮಾನಕ್ಕೆ ಸುಮಾರು 18ರಿಂದ 20 ಕಿಲೋಮೀಟರ್ ಮುಂದಕ್ಕೆ ದಾರಿ ಬೇಕು. ಹತ್ತು ಕಿಲೋಮೀಟರ್ ಇಳಿಯಲು 180ರಿಂದ 200. ನಾವು ಚೆನ್ನೈಗೆ 217 ಕಿಲೋಮೀಟರ್ ದೂರದಲ್ಲಿದ್ದೇವೆ. ಅಂದರೆ ಈ ಗೆರೆಯ ಮೇಲೆ ಹೋಗುವ ವಿಮಾನ ನಮ್ಮ ತಲೆಯ ಮೇಲೆ ದಾಟಿದ ಸ್ವಲ್ಪ ಹೊತ್ತಿಗೇ ಮೂಗು ತಗ್ಗಿಸಿ ಇಳಿಯತೊಡಗಬೇಕು.

ಇನ್ನು ಗಾಳಿ. ಮಳೆಗಾಲದಲ್ಲಿ ಕೆಳಗೆ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸಿದರೆ, ತುಂಬಾ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಜೋರಾಗಿ ಬೀಸುತ್ತದೆ. ಎತ್ತರದ ಈ ಗಾಳಿಹೊಳೆಯನ್ನು ವಿವರಿಸಿ ಹೇಳಿದವರಲ್ಲಿ ನಮ್ಮ ದೇಶದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ಮುಖ್ಯರು. ಗಾಳಿಯ ವೇಗ ಗಂಟೆಗೆ 50 ಕಿಲೋಮೀಟರ್ ಇದೆ ಅನ್ನೋಣ. ಬೆನ್ನ ಹಿಂದೆ ಗಾಳಿ ಇದ್ದರೆ 573 ಕಿಲೋಮೀಟರಿಗೆ ಸುಮಾರು 40 ನಿಮಿಷ, ಎದುರುಗಾಳಿ ಇದ್ದರೆ ಸುಮಾರು 46 ನಿಮಿಷ. ಅದೇ ದಾರಿ, ಅದೇ ವಿಮಾನ. ಹೋಗುವ ಹೊತ್ತು ಬೇರೆ, ಬರುವ ಹೊತ್ತು ಬೇರೆ. ಸೈಕಲ್ ತುಳಿಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಈ ದಾರಿಯಲ್ಲಿ ಜೆಟ್ಟನ್ನೂ ಹಿಂದೆ ಹಾಕುವ ಒಬ್ಬ ಪಯಣಿಗ ದಿನಾ ಹೋಗುತ್ತಾನೆ. ಸೂರ್ಯ! ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ. ಹಾಗಾಗಿ ಚೆನ್ನೈಯಲ್ಲಿ ಸೂರ್ಯ ಹುಟ್ಟಿದ 8 ನಿಮಿಷಕ್ಕೆ ನಮ್ಮಲ್ಲಿ, ಸುಮಾರು 22 ನಿಮಿಷಕ್ಕೆ ಮಂಗಳೂರಿನಲ್ಲಿ ಬೆಳಗಾಗುತ್ತದೆ. ಗಡಿಯಾರ ಮೂರೂ ಊರಿನಲ್ಲಿ ಒಂದೇ ಗಂಟೆ ತೋರಿಸಿದರೂ ಸೂರ್ಯ ಮಾತ್ರ ಊರೂರಿಗೆ ಬೇರೆ ಬೇರೆ ಹೊತ್ತಿಗೆ ಬರುತ್ತಾನೆ.

ಸರಪಳಿ ಹಿಡಿದು ಕಡಲಿಂದ ಕಡಲಿಗೆ

"ಸಾರ್, ವಿಮಾನ ಇಲ್ಲದ ಕಾಲದಲ್ಲಿ ಇದನ್ನ ಯಾರು ಅಳೆದರು? ನಡುವೆ ಘಟ್ಟ, ಕಾಡು, ಹೊಳೆ. ಟೇಪು ಹಿಡಿಯೋಕಾಗತ್ತಾ?"

ಟೇಪು ಹಿಡಿಯದೇ ಅಳೆದರು. 1802ರ ಏಪ್ರಿಲ್‌ನಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸರ್ವೆ ಅಧಿಕಾರಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಒಂದು ನೇರ ಗೆರೆ ಅಳೆಯಲು ಶುರುಮಾಡಿದ. ಉದ್ದ ಏಳೂವರೆ ಮೈಲಿ, ಅಂದರೆ 12 ಕಿಲೋಮೀಟರ್. ಸಾಧನ 100 ಅಡಿಯ ಉಕ್ಕಿನ ಸರಪಳಿ. ಅದನ್ನು ಸುಮಾರು 400 ಸಲ ಹಾಸಿ ಎತ್ತಿ ಮುಗಿಸಲು 57 ದಿನ ಹಿಡಿಯಿತು! ಕಾಲ್ನಡಿಗೆಯಲ್ಲಿ ಎರಡೂವರೆ ಗಂಟೆಯ ದಾರಿಗೆ ಎರಡು ತಿಂಗಳು ಯಾಕೆ?

ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. 100 ಅಡಿಯ ಸರಪಳಿ ಹತ್ತು ಡಿಗ್ರಿ ಬಿಸಿಯಾದರೆ ಮೂರೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಅಷ್ಟೇ ತಾನೇ ಅಂದುಕೊಂಡರೆ ಕೆಟ್ಟಿತು. 400 ಸಲಕ್ಕೆ ಆ ತಪ್ಪು ಸೇರಿ ಸೇರಿ 1.4 ಮೀಟರ್ ಆಗುತ್ತದೆ. ಅದಕ್ಕೇ ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಪೆಟ್ಟಿಗೆಗಳನ್ನು ಮುಕ್ಕಾಲಿಗಳ ಮೇಲೆ ಸಮವಾಗಿ ಇಟ್ಟು, ಪ್ರತಿ ಸಲವೂ ಥರ್ಮಾಮೀಟರ್ ನೋಡಿ ಬರೆದುಕೊಳ್ಳುತ್ತಿದ್ದರು.

ಆ ಒಂದು ಗೆರೆ ಅಳೆದದ್ದೇ ಕಷ್ಟ. ಮುಂದೆ ಎಲ್ಲ ಕೋನಗಳ ಕೆಲಸ. ಅದನ್ನು ನಮ್ಮ ಸ್ಕೂಲ್ ಬಯಲಲ್ಲೇ ಮಾಡಿ ನೋಡಿದೆವು. ಅಲ್ಲಿಂದ ಹೆಡ್‌ಗೇರು ಎಷ್ಟು ದೂರ ಅಂತ ಕಂಡುಹಿಡಿಯಬೇಕು, ಆದರೆ ಬೇಲಿಯೊಳಗೆ ಕಾಲಿಡುವ ಹಾಗಿಲ್ಲ. ಬಯಲಲ್ಲಿ 50 ಮೀಟರ್ ದಾರ ಎಳೆದು ಎರಡೂ ತುದಿಗೆ ಗೂಟ ಹೊಡೆದೆವು. ಮೊದಲ ಗೂಟದ ಹತ್ತಿರ ಕೋನಮಾಪಕ ಹಿಡಿದು ನೋಡಿದರೆ ದಾರಕ್ಕೂ ಹೆಡ್‌ಗೇರಿಗೂ 90 ಡಿಗ್ರಿ. ಎರಡನೇ ಗೂಟದಿಂದ 76 ಡಿಗ್ರಿ. ಕಾಗದದ ಮೇಲೆ 10 ಮೀಟರಿಗೆ ಒಂದು ಸೆಂಟಿಮೀಟರ್ ಅಂತ 5 ಸೆಂಟಿಮೀಟರ್ ಗೆರೆ ಹಾಕಿ, ಒಂದು ತುದಿಯಿಂದ 90, ಇನ್ನೊಂದು ತುದಿಯಿಂದ 76 ಡಿಗ್ರಿಗೆ ಗೆರೆ ಎಳೆದರು ಮಕ್ಕಳು. ಎರಡೂ ಗೆರೆ 20 ಸೆಂಟಿಮೀಟರ್ ದೂರದಲ್ಲಿ ಕೂಡಿದವು. ಹೆಡ್‌ಗೇರು 200 ಮೀಟರ್ ದೂರ. ಯಾರೂ ಅಲ್ಲಿಗೆ ಹೋಗಲಿಲ್ಲ.

ಲ್ಯಾಂಬ್ಟನ್ ಮಾಡಿದ್ದೂ ಇಷ್ಟೇ. ಒಂದು ತ್ರಿಕೋನ ಮುಗಿದರೆ ಅದರ ಒಂದು ಬದಿಯ ಮೇಲೆ ಇನ್ನೊಂದು ತ್ರಿಕೋನ. ಹೀಗೆ ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ ತ್ರಿಕೋನಗಳನ್ನು ಹೆಣೆದುಕೊಂಡು ಕೋಲಾರ ಸೀಮೆ, ಬೆಂಗಳೂರು, ಘಟ್ಟ ದಾಟಿ ಪಡುವಣ ಕಡಲಿಗೆ ಬಂದ. ಅವನ ಕೋನಮಾಪಕ ಮಾತ್ರ ನಿಮ್ಮ ಕಂಪಾಸ್ ಬಾಕ್ಸಿನಲ್ಲಿ ಹಿಡಿಸುವಂಥದ್ದಲ್ಲ. ಥಿಯೋಡೊಲೈಟ್ ಎಂಬ ಆ ಯಂತ್ರ ಅರ್ಧ ಟನ್ ತೂಗುತ್ತಿತ್ತು. ಲಂಡನ್ನಿನಿಂದ ಅದನ್ನು ತರುತ್ತಿದ್ದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದಿದ್ದರು. ಅದು ಅಳೆಯುವ ಯಂತ್ರ ಎಂದು ತಿಳಿದ ಮೇಲೆ, ಶತ್ರುಗಳಾಗಿದ್ದರೂ ಮರ್ಯಾದೆಯಿಂದ ಮದ್ರಾಸಿಗೆ ಕಳಿಸಿಕೊಟ್ಟರು.

ತ್ರಿಕೋನಗಳ ಲೆಕ್ಕ ಸರಿ ಇದೆಯೇ ಎಂದು ನೋಡಲು 1804ರಲ್ಲಿ ಬೆಂಗಳೂರಿನ ಹತ್ತಿರ ಇನ್ನೊಂದು ಗೆರೆಯನ್ನು ಸರಪಳಿಯಿಂದಲೇ ಅಳೆದರು. ಮದ್ರಾಸಿನಿಂದ ಲೆಕ್ಕ ಹಾಕಿಕೊಂಡು ಬಂದ ಉದ್ದಕ್ಕೂ ಅಳೆದ ಉದ್ದಕ್ಕೂ ವ್ಯತ್ಯಾಸ ನಾಲ್ಕು ಇಂಚೂ ಇರಲಿಲ್ಲ. ನಿಮ್ಮ ಅಂಗೈ ಅಗಲ!

ಕಡಲಿಂದ ಕಡಲಿಗೆ ಒಟ್ಟು 360 ಮೈಲಿ, ಅಂದರೆ ಸುಮಾರು 580 ಕಿಲೋಮೀಟರ್ ಬಂತು. ನಾವು ಡಿಗ್ರಿ ಗುಣಿಸಿ ಪಡೆದ 586ಕ್ಕೆ ಎಷ್ಟು ಹತ್ತಿರ ನೋಡಿ. ಅಲ್ಲಿಯವರೆಗಿನ ನಕ್ಷೆಗಳಲ್ಲಿ ಇದು 400 ಮೈಲಿ ಇತ್ತು. ಒಂದೇ ಅಳತೆಗೆ ದಕ್ಷಿಣ ಭಾರತ ನಕ್ಷೆಯಲ್ಲಿ 40 ಮೈಲಿ ಸಣ್ಣದಾಯಿತು. ಒಂದು ಗೇಣು ನೆಲವೂ ಎಲ್ಲಿಗೂ ಹೋಗಲಿಲ್ಲ, ಹೋದದ್ದು ತಪ್ಪು ಮಾತ್ರ.

ಬೆಂಗಳೂರಿನ ಆ ಗೆರೆ ಅಳೆದವನು ಲ್ಯಾಂಬ್ಟನ್‌ನ ಜೊತೆಗಾರ ಲೆಫ್ಟಿನೆಂಟ್ ಜಾನ್ ವಾರೆನ್. ಈ ಹೆಸರನ್ನು ಕೆಜಿಎಫ್‌ನ ಮಕ್ಕಳು ಮರೆಯಬಾರದು. 1802ರಲ್ಲಿ ಅವನು ಮೈಸೂರು ರಾಜ್ಯದ ಪೂರ್ವದ ಗಡಿ ಅಳೆಯಲು ನಮ್ಮ ಕಡೆ ಬಂದಿದ್ದ. ಇಲ್ಲಿಯ ಮಣ್ಣಿನಲ್ಲಿ ಚಿನ್ನ ಇದೆಯೆಂಬ ಮಾತು ಕಿವಿಗೆ ಬಿತ್ತು. ತೋರಿಸಿದವರಿಗೆ ಬಹುಮಾನ ಅಂದ. ಊರಿಗಾಂ ಕಡೆಯ ಹಳ್ಳಿಯವರು ಗಾಡಿಯಲ್ಲಿ ಮಣ್ಣು ತಂದು, ಅವನ ಕಣ್ಣೆದುರೇ ನೀರಿನಲ್ಲಿ ತೊಳೆದು, ತಳದಲ್ಲಿ ಉಳಿದ ಹಳದಿ ಕಣ ತೋರಿಸಿದರು. ಮಾರಿಕುಪ್ಪಂ ಹತ್ತಿರ ಜನ ಅಗೆದಿದ್ದ ಹಳೆಯ ಗುಂಡಿಗಳನ್ನೂ ಅವನು ನೋಡಿದ. ಅವನು ಬರೆದಿಟ್ಟ ವಿವರವನ್ನು ಎಷ್ಟೋ ವರ್ಷಗಳ ಮೇಲೆ ಓದಿದ ಲವೆಲ್ ಎಂಬವನು 1871ರಲ್ಲಿ ಇಲ್ಲಿಗೆ ಹುಡುಕಿಕೊಂಡು ಬಂದ. 1880ರ ಸುಮಾರಿಗೆ ಜಾನ್ ಟೇಲರ್ ಕಂಪನಿ ಬಂತು, ಗಣಿ ಬೆಳೆಯಿತು, ನಮ್ಮೂರು ಹುಟ್ಟಿತು. ಚಿನ್ನ ಇರುವ ವಿಷಯ ಹಳ್ಳಿಯವರಿಗೆ ಮೊದಲೇ ಗೊತ್ತಿತ್ತು. ದೂರ ಅಳೆಯಲು ಬಂದವನು ಅದನ್ನು ಕಾಗದಕ್ಕೆ ಇಳಿಸಿದ.

ತಾತನ ನೇರ

ಇಷ್ಟು ಹೊತ್ತು ಜಗಲಿಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ ಹುಡುಗಿಯ ತಾತ ನಕ್ಕರು. ಗಣಿ ಮುಚ್ಚುವವರೆಗೂ, ಅಂದರೆ 2001ರವರೆಗೂ, ಕೆಳಗೆ ಇಳಿದು ದುಡಿದವರು.

"ಮೇಷ್ಟ್ರೇ, ನೀವು ಹೇಳೋ ನೇರ ಎಲ್ಲ ಮೇಲಿಂದು. ನಮಗೆ ನೇರ ಅಂದ್ರೆ ಗಣಿಯೊಳಕ್ಕೆ ಕೇಜು ಇಳಿದಂಗೆ. ಕೆಳಕ್ಕೆ."

ತಾತ ಹೇಳಿದ್ದರಲ್ಲಿ ಭಾರೀ ವಿಜ್ಞಾನ ಇದೆ. ಮಕ್ಕಳೇ, ವಿಮಾನ ಹೋಗುವುದು ನೇರ ಗೆರೆಯಲ್ಲೇ ಅಲ್ಲ! ಭೂಮಿ ಗುಂಡಗಿದೆ, ವಿಮಾನ ಅದರ ಬೆನ್ನಿನ ಮೇಲೆ ಬಾಗಿಕೊಂಡೇ ಹೋಗುತ್ತದೆ. ನಿಜವಾದ ನೇರ ಗೆರೆ ಎಲ್ಲಿದೆ ಗೊತ್ತೇ? ಒಂದು ಮೂಸಂಬಿ ತೆಗೆದುಕೊಳ್ಳಿ. ಸಿಪ್ಪೆಯ ಮೇಲೆ ಎರಡು ಚುಕ್ಕಿ ಇಡಿ. ಒಂದರಲ್ಲಿ ಸೂಜಿ ಚುಚ್ಚಿ ಇನ್ನೊಂದರಲ್ಲಿ ಹೊರಗೆ ಬರುವ ಹಾಗೆ ಮಾಡಿ. ಸೂಜಿ ಸಿಪ್ಪೆಯ ಕೆಳಗಿನಿಂದ ಹೋಯಿತಲ್ಲವೇ? ಹಾಗೆಯೇ ಮಂಗಳೂರಿನ ಕಡಲ ದಡದಿಂದ ಚೆನ್ನೈ ದಡಕ್ಕೆ ನಿಜವಾಗಿಯೂ ನೇರ ಹೋಗಬೇಕಾದರೆ ನೆಲದೊಳಗೆ ಸುರಂಗ ಕೊರೆಯಬೇಕು.

ಎಷ್ಟು ಆಳ? ನಡುಮಧ್ಯೆ, ಬೆಂಗಳೂರಿನ ಕೆಳಗೆ, ಸಮುದ್ರಮಟ್ಟದಿಂದ ಸುಮಾರು 6.7 ಕಿಲೋಮೀಟರ್. ನಮ್ಮೂರಿನ ಕೆಳಗೆ 6.3. ನಾವು ಸಮುದ್ರಮಟ್ಟಕ್ಕಿಂತ ಮುಕ್ಕಾಲು ಕಿಲೋಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಅದನ್ನೂ ಸೇರಿಸಿದರೆ, ನಮ್ಮ ಪಾದದಿಂದ ಸುಮಾರು ಏಳು ಕಿಲೋಮೀಟರ್ ಕೆಳಗೆ. ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದೆನಿಸಿಕೊಂಡ ಚಾಂಪಿಯನ್ ರೀಫ್ ಗಣಿ ಇಳಿದದ್ದು ಸುಮಾರು 3.2 ಕಿಲೋಮೀಟರ್. ತಲೆಮಾರುಗಳ ಕಾಲ ಅಗೆದರೂ ಆ ಗೆರೆಗೆ ಅರ್ಧ ದಾರಿಯೂ ಆಗಲಿಲ್ಲ. "ಅಷ್ಟಕ್ಕೇ ಬಂಡೆ ಮುಟ್ಟಿದ್ರೆ ಕೈ ಸುಡ್ತಿತ್ತು," ಅಂದರು ತಾತ. ಅಲ್ಲಿ ಕಲ್ಲಿನ ಬಿಸಿ 60 ಡಿಗ್ರಿಗೂ ಮೇಲಿತ್ತು.

ಇಷ್ಟೆಲ್ಲ ಕೊರೆದರೆ ದಾರಿ ಎಷ್ಟು ಉಳಿಯುತ್ತದೆ? 586 ಕಿಲೋಮೀಟರಿನಲ್ಲಿ ಸುಮಾರು 200 ಮೀಟರ್! ಸ್ಕೂಲ್ ಬಯಲಿನಿಂದ ಆ ಹೆಡ್‌ಗೇರಿಗೆ ಇದ್ದಷ್ಟು. ಹುಡುಗಿ ಹಣೆ ಚಚ್ಚಿಕೊಂಡಳು.

ಈಗ ಆ ತಮಾಷೆ. ಸುರಂಗದಲ್ಲಿ ಗಾಳಿ ಇಲ್ಲ, ತಿಕ್ಕಾಟ ಇಲ್ಲ ಅಂದುಕೊಳ್ಳಿ. ಮಂಗಳೂರಿನ ತುದಿಯಲ್ಲಿ ಒಂದು ಡಬ್ಬಿಯನ್ನು ಸುಮ್ಮನೆ ಬಿಟ್ಟರೆ ಅದು ಜಾರುಬಂಡಿಯಂತೆ ಜಾರುತ್ತದೆ, ಯಾಕೆಂದರೆ ನಡುಮಧ್ಯದವರೆಗೆ ಆ ದಾರಿ ಭೂಮಿಯ ಕೇಂದ್ರಕ್ಕೆ ಹತ್ತಿರ ಹತ್ತಿರ ಹೋಗುತ್ತದೆ. ಬೆಂಗಳೂರಿನ ಕೆಳಗೆ ಅದರ ವೇಗ ಗಂಟೆಗೆ ಸುಮಾರು 1,300 ಕಿಲೋಮೀಟರ್. ಅಲ್ಲಿಂದಾಚೆ ಏರು. ವೇಗ ಕಳೆದುಕೊಳ್ಳುತ್ತಾ ನಮ್ಮೂರಿನ ಕೆಳಗೆ ಹಾದು ಚೆನ್ನೈ ತುದಿಯಲ್ಲಿ ಸರಿಯಾಗಿ ನಿಲ್ಲುತ್ತದೆ. ಎಂಜಿನ್ ಇಲ್ಲ, ಎಣ್ಣೆ ಇಲ್ಲ. ಹಿಡಿಯುವ ಹೊತ್ತು 42 ನಿಮಿಷ. ಮೂಲೆಯಲ್ಲಿ ಬರೆದಿಟ್ಟ 43 ನೋಡಿ! ಇನ್ನೂ ಸೋಜಿಗ ಏನೆಂದರೆ, ಇಂಥ ಸುರಂಗ ಮಂಗಳೂರಿನಿಂದ ಉಡುಪಿಗೆ ಇದ್ದರೂ 42 ನಿಮಿಷವೇ. ದಾರಿ ಚಿಕ್ಕದಾದರೆ ಇಳಿಜಾರೂ ಕಡಿಮೆ, ಹಾಗಾಗಿ ಡಬ್ಬಿ ನಿಧಾನ.

"ಆದರೆ ಆ ದಾರಿಯಲ್ಲಿ ಯಾರೂ ಹೋಗೋಕಾಗಲ್ಲವಲ್ಲ ಸಾರ್."

ಹೋಗುವವರಿದ್ದಾರೆ. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಗಾಳಿಗೆ ಬಡಿದಾಗ ನ್ಯೂಟ್ರಿನೋ ಎಂಬ ಕಣಗಳು ಹುಟ್ಟುತ್ತವೆ. ಅವಕ್ಕೆ ಬಂಡೆ ಅಡ್ಡಿಯಲ್ಲ, ಭೂಮಿಯೇ ಅಡ್ಡಿಯಲ್ಲ. ಸುರಂಗವಿಲ್ಲದೆಯೇ ನೇರ ತೂರಿಕೊಂಡು ಹೋಗುತ್ತವೆ. ಮಂಗಳೂರಿನಿಂದ ಚೆನ್ನೈಗೆ ಒಂದು ಸೆಕೆಂಡಿನ ಸಾವಿರದಲ್ಲಿ ಎರಡು ಭಾಗ ಸಾಕು. ಕೋಟಿಗಟ್ಟಲೆ ಕಣಗಳಲ್ಲಿ ಎಲ್ಲೋ ಒಂದು ಬಂಡೆಯ ಅಣುವಿಗೆ ಡಿಕ್ಕಿ ಹೊಡೆದರೆ ಸುಳಿವು ಸಿಗುತ್ತದೆ. ಆ ಸುಳಿವು ಹಿಡಿಯಲು ಮೇಲಿನಿಂದ ಸುರಿಯುವ ಬೇರೆ ಕಣಗಳ ಗದ್ದಲ ಇಲ್ಲದ ಜಾಗ ಬೇಕು. ಎಲ್ಲಿದೆ ಅಂಥ ಜಾಗ?

ತಾತ ಎದ್ದು ನಿಂತು ಹೆಡ್‌ಗೇರುಗಳ ಕಡೆ ಬೆರಳು ತೋರಿಸಿದರು. "ಹೀತ್‌ಕೋಟ್ ಶಾಫ್ಟು."

ಹೌದು. ಮೈಸೂರು ಸೀಮೆಯವರೇ ಆದ ಬಿ.ವಿ. ಶ್ರೀಕಂಠನ್ 1950ರ ದಶಕದಲ್ಲೇ ಈ ಗಣಿಗಳಿಗೆ ಇಳಿದು ಕಾಸ್ಮಿಕ್ ಕಿರಣಗಳನ್ನು ಅಳೆದಿದ್ದರು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟಿನಲ್ಲಿ, 2.3 ಕಿಲೋಮೀಟರ್ ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೋದ ಸುಳಿವು ಹಿಡಿದರು. ಜಗತ್ತಿನಲ್ಲಿ ಅದು ಮೊದಲು ಕಂಡದ್ದು ಎರಡೇ ಕಡೆ, ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿ ಮತ್ತು ನಮ್ಮ ಚಿನ್ನದ ಗಣಿ. ಇಲ್ಲಿಯ ಉಪಕರಣಗಳನ್ನು ಗೋಡೆಯ ಹಾಗೆ ಲಂಬವಾಗಿ ನಿಲ್ಲಿಸಿದ್ದರು. ಅವರು ಕಾದಿದ್ದು ಮೇಲಿನಿಂದ ಬರುವವರಿಗಾಗಿ ಅಲ್ಲ, ಪಕ್ಕದಿಂದ, ಬಂಡೆಯನ್ನೇ ತೂರಿಕೊಂಡು ಬರುವವರಿಗಾಗಿ.

ಕತ್ತಲಾಗುತ್ತಿತ್ತು. ವಿಮಾನ ಎಳೆದಿದ್ದ ಬಿಳಿ ಗೆರೆ ಗಾಳಿಗೆ ಹರಡಿ ಹತ್ತಿಯಂತಾಗಿತ್ತು. ಹುಡುಗಿ ಪಟದ ದಾರ ಸುತ್ತಿಕೊಳ್ಳುತ್ತಾ ಅದನ್ನೇ ನೋಡಿ, "ಸಾರ್, ಈ ದಾರ ಕೂಡ ಜೋಲುತ್ತೆ, ನೇರ ಇಲ್ಲ," ಅಂದಳು. ಮತ್ತೆ ಕಾಲಿನ ಕೆಳಗಿನ ನೆಲವನ್ನು ಚಪ್ಪಲಿಯಿಂದ ಎರಡು ಸಲ ತಟ್ಟಿ ನೋಡಿದಳು.